ಜೋಶಿ ಮಾಸ್ತರ ಮನಿ ಹಿಂಡಿ

ತ್ರ್ಯಂಬಕ ಜೋಶಿ ಮಾಸ್ತರರು ತಾಟಿನ ಅಂಚಿಗೆ ಬಡಿಸಿದ್ದ ಶೇಂಗಾ ಹಿಂಡಿಯನ್ನು ಬೆರಳಿನಿಂದ ಒಟ್ಟುಗೂಡಿಸಿ ತಾಟಿನಾಚೆ ನೆಲಕ್ಕೆ ಇಟ್ಟರು.

"ಇನ್ನ ಮ್ಯಾಲೆ ನನ್ನ ತಾಟಿಗೆ ಇದನ್ನ ಹಾಕಬ್ಯಾಡ," ಅಂದರು.

ರಾಧಾಬಾಯಿ ಸಾರಿನ ಸೌಟು ಹಿಡಿದುಕೊಂಡೇ ನಿಂತಳು. ಮದುವೆಯಾಗಿ ಬೈಲಹೊಂಗಲದ ಈ ಮನೆ ಸೇರಿದಾಗಿನಿಂದ ಗಂಡ ಹಿಂಡಿ ಇಲ್ಲದೆ ಜೋಳದ ಭಕ್ರಿ ಮುರಿದದ್ದನ್ನು ಅವಳು ಕಂಡೇ ಇರಲಿಲ್ಲ. ಹಿಂಡಿ ಎಂದರೆ ದನದ ಬಾನಿಗೆ ಹಾಕುವ ಹಿಂಡಿಯಲ್ಲ. ಈ ಸೀಮೆಯಲ್ಲಿ ಶೇಂಗಾವನ್ನೋ ಗುರೆಳ್ಳನ್ನೋ ಅಗಸಿಯನ್ನೋ ಹುರಿದು, ಖಾರ ಉಪ್ಪು ಸೇರಿಸಿ ಒಳಕಲ್ಲಿನಲ್ಲಿ ಕುಟ್ಟಿದ ಪುಡಿಗೆ ಆ ಹೆಸರು. ಪಲ್ಯವಿಲ್ಲದ ದಿನ ಅದೇ ಪಲ್ಯ, ಪಲ್ಯವಿದ್ದ ದಿನ ಅದು ಪಲ್ಯಕ್ಕೆ ಜೋಡಿ. ರಾಧಾಬಾಯಿಯ ಕೈಯ ಹಿಂಡಿ ಓಣಿಯಲ್ಲೆಲ್ಲ ಹೆಸರುವಾಸಿಯಾಗಿತ್ತು.

"ಯಾಕ್ರೀ, ಉಪ್ಪು ಹೆಚ್ಚಾಗೇದೇನು?"

"ಉಪ್ಪಲ್ಲ. ನಿನ್ನ ಮಗಾ ಹೆಚ್ಚಾಗ್ಯಾನ."

ಮಾಸ್ತರರು ಎಡಗೈಯಿಂದ ಅಂಗಿಯ ಜೇಬಿನ ಮೊಬೈಲ್ ತೆಗೆದು ನೆಲದ ಮೇಲಿಟ್ಟು ಅವಳ ಕಡೆ ನೂಕಿದರು. ಅದರಲ್ಲಿ ಬಂದಿದ್ದ ಮೆಸೇಜು ಇಂಗ್ಲಿಷ್ ಅಕ್ಷರದ ಕನ್ನಡ. ಆ ಕಾಲದ ಮೊಬೈಲುಗಳಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ, ರಾಧಾಬಾಯಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಸೊಸೆ ಗೌತಮಿ ಬಗ್ಗಿ ನೋಡಿ, ತಗ್ಗಿದ ದನಿಯಲ್ಲಿ ಓದಿದಳು.

"ಜೋಶಿ ಮಾಸ್ತರ ಮನಿ ಹಿಂಡಿ. ಇನ್ನ ಮ್ಯಾಲೆ ನಿಮಗೂ. ಈಗ ಫೋನ್ ಮಾಡ್ರಿ."

ಅದರ ಕೆಳಗೆ ಮನೆಯ ಇನ್ನೊಂದು ಮೊಬೈಲಿನ ನಂಬರು. ಆ ಮೊಬೈಲು ಆಗ ರಾಧಾಬಾಯಿಯ ಸೊಂಟದಲ್ಲೇ ಸಿಕ್ಕಿಕೊಂಡಿತ್ತು.

ಈ ಕೆಲಸ ಮಗ ಮಿಲಿಂದನದು. ಅವನು ಒಂದು ಮೊಬೈಲ್ ಕಂಪನಿಯ ಸಿಮ್ ಕಾರ್ಡುಗಳನ್ನು ಅಂಗಡಿ ಅಂಗಡಿಗೆ ಮುಟ್ಟಿಸುತ್ತಿದ್ದ. ಕಂಪನಿ ಏಜೆನ್ಸಿಯನ್ನೇ ಬದಲಿಸಿದ್ದರಿಂದ ಆ ಕೆಲಸ ಹೋಯಿತು. ಈಗ ಬಸ್ ಸ್ಟ್ಯಾಂಡಿನ ಹತ್ತಿರ ಗೆಳೆಯ ತೌಸೀಫನ ಮೊಬೈಲ್ ಅಂಗಡಿಯಲ್ಲಿ ಕೂತು ರೀಚಾರ್ಜ್ ಮಾಡಿಕೊಡುತ್ತಿದ್ದ. ಹಾಗೆ ಕೂತವನಿಗೆ ದೊಡ್ಡ ಕಂಪನಿಗಳ ಆಟವೆಲ್ಲ ಕಣ್ಣಿಗೆ ಬಿತ್ತು. ಚಹಾಪುಡಿಯವರು, ಸಾಬೂನಿನವರು, ತಲೆಗೆಣ್ಣೆಯವರು ಎಲ್ಲರೂ ಈಗ ಗೋಡೆ ಬಿಟ್ಟು ಮಂದಿಯ ಅಂಗಿ ಜೇಬಿಗೇ ಇಳಿದಿದ್ದರು. ಒಂದು ಪ್ರಶ್ನೆ ಕೇಳಿ, ಉತ್ತರ ಕಳಿಸಿದರೆ ಬಹುಮಾನ ಎನ್ನುವರು. ರೆಕಾರ್ಡ್ ಮಾಡಿದ ದನಿಯಲ್ಲಿ ಫೋನು ಮಾಡಿ, ಒಂದು ಒತ್ತಿ ಎನ್ನುವರು. ತಲೆಗೆಣ್ಣೆಯ ಹುಡುಗಿಯೊಬ್ಬಳು ಹಾಗೆ ಮಾತಾಡಿದಾಗ ರಾಧಾಬಾಯಿ ಅದು ರೆಕಾರ್ಡ್ ಮಾಡಿದ ದನಿ ಎಂದು ತಿಳಿಯದೆ, "ನಿಂದು ಊಟ ಆತೇನವಾ?" ಎಂದು ಕೇಳಿ, ಉತ್ತರ ಬಾರದ್ದಕ್ಕೆ ಬೇಜಾರು ಮಾಡಿಕೊಂಡಿದ್ದಳು.

"ಕಂಪನಿಯವರಿಗೆ ಬರೋ ಬುದ್ಧಿ ನಮಗ ಬರೂದಿಲ್ಲೇನು?" ಎಂದು ಮಿಲಿಂದ ಒಂದು ತಿಂಗಳಿಂದ ತಾಯಿಯ ಬೆನ್ನು ಹತ್ತಿದ್ದ. ಹಿಂಡಿಯನ್ನು ಪಾಕೀಟು ಮಾಡಿ ಮಾರೋಣ ಎಂದ. ರಾಧಾಬಾಯಿ ಒಪ್ಪಿದಳು. ಕುಟ್ಟುವುದು ಅವಳಿಗೆ ಹೊಸದಲ್ಲ, ಮಗ ಮನೆಯಲ್ಲಿ ಮುಖ ಕೆಳಗೆ ಮಾಡಿ ಕೂರುವುದನ್ನು ನೋಡುವುದೇ ಹೊಸದಾಗಿತ್ತು. ಅವಳು ಡಬ್ಬಿಗಟ್ಟಲೆ ಕುಟ್ಟಿಟ್ಟಳು. ಮಿಲಿಂದ, ಗೌತಮಿ ಇಬ್ಬರೂ ತಮ್ಮ ಎರಡು ಮೊಬೈಲುಗಳಿಗೆ ಎಸ್ಸೆಮ್ಮೆಸ್ ಪ್ಯಾಕ್ ಹಾಕಿಸಿಕೊಂಡು, ಹೆಬ್ಬೆರಳು ಸವೆಯುವ ತನಕ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸಿಕ್ಕಸಿಕ್ಕ ನಂಬರುಗಳಿಗೆಲ್ಲ ಆ ಮೂರು ಮಾತು ಕಳಿಸಿದರು. ಶೇಂಗಾ, ಖಾರ, ರುಚಿ ಎಂದೆಲ್ಲ ಬರೆಯೋಣ ಎಂದು ಗೌತಮಿ ಹೇಳಿದ್ದಳು. ಮಿಲಿಂದ ಕೇಳಲಿಲ್ಲ. "ಪೂರಾ ಹೇಳಿಬಿಟ್ರ ಮಂದಿ ಓದಿ ಸುಮ್ಮನಾಗ್ತಾರ. ಅರ್ಧಾ ಹೇಳಬೇಕು, ಅಂದ್ರ ಫೋನ್ ಮಾಡ್ತಾರ. ಕಂಪನಿಯವರು ಹಂಗ ಮಾಡೂದು," ಎಂದಿದ್ದ.

ಅಷ್ಟರಲ್ಲಿ ಮಿಲಿಂದನೇ ಊಟಕ್ಕೆಂದು ಒಳಗೆ ಬಂದ. ತಂದೆಯ ಮುಖ ನೋಡಿ, ನೆಲದ ಮೇಲಿನ ಮೊಬೈಲು ನೋಡಿ, ಕೈಕಾಲು ತೊಳೆಯುವುದನ್ನೂ ಮರೆತು ನಿಂತ.

"ನನ್ನ ಹೆಸರ ಹಾಕಂತ ನಿನಗ ಯಾರು ಹೇಳಿದ್ರು?" ಮಾಸ್ತರರು ಕೇಳಿದರು.

"ಹೆಸರಿಲ್ಲದ್ದನ್ನ ಯಾರೂ ತೊಗೊಳ್ಳೂದಿಲ್ಲಪಾ. ನಿಮ್ಮ ಹೆಸರಿಗೆ ಊರಾಗ ಕಿಮ್ಮತ್ತು ಅದ."

"ಇತ್ತು. ನೀ ಅದನ್ನ ಕುಟ್ಟಿ ಪಾಕೀಟಿನಾಗ ತುಂಬಿದಿ."

"ಆಯಿ ಮಾಡಿದ ಹಿಂಡಿ ಮಾರೂದು ಮರ್ಯಾದಿಗೇಡೇನು?"

"ಮಾರೂದಲ್ಲೋ! ಆ ಎರಡು ಶಬ್ದಾ ಕೂಡಿಸಿ ಬರದಿಯಲ್ಲಾ, ಅದು."

"ಯಾವ ಎರಡು ಶಬ್ದಾ?"

ಮಾಸ್ತರರು ಕೈ ತೊಳೆಯಲು ಎದ್ದರು. ಎದ್ದವರು ತಿರುಗಿ, "ವಾಪಸ್ ತೊಗೋ ಅದನ್ನ," ಅಂದರು.

"ಕಳಿಸಿದ ಮೆಸೇಜ್ ವಾಪಸ್ ಬರೂದಿಲ್ಲಪಾ."

"ಹಂಗಾದ್ರ ನೀನೂ ಈ ಮನಿಗೆ ವಾಪಸ್ ಬರಬ್ಯಾಡ."

ಮಾತು ಆಡಿದವರಿಗೂ ಅದು ಹೆಚ್ಚಾಯಿತೆನಿಸಿರಬೇಕು. ಆದರೆ ಜೋಶಿ ಮನೆತನದ ಗಂಡಸರಿಗೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಗೊತ್ತಿಲ್ಲ. ಮಿಲಿಂದನೂ ಅದೇ ಮನೆತನದವನು.

"ಆತು. ತೌಸೀಫನ ಅಂಗಡಿ ಮ್ಯಾಲಿನ ಖೋಲಿ ಖಾಲಿ ಅದ. ನಾವು ಬ್ಯಾರೆ ಇರ್ತೀವಿ," ಎಂದು ಬಂದ ದಾರಿಯಲ್ಲೇ ಹೊರಗೆ ಹೋದ. ಅವನಿಗೆಂದು ಹಾಕಿದ್ದ ತಾಟು ಹಾಗೇ ಇತ್ತು. ರಾಧಾಬಾಯಿ ಆ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿಟ್ಟಳು. ಒಂದು ಮನೆಯಲ್ಲಿ ಎರಡು ಒಲೆಯಾಗುವುದನ್ನು ಅವಳು ತನ್ನ ತವರಿನಲ್ಲಿ ನೋಡಿದ್ದಳು. ಒಲೆ ಎರಡಾದ ಮೇಲೆ ಅಲ್ಲಿ ಹಬ್ಬಕ್ಕೂ ಯಾರೂ ಒಟ್ಟಿಗೆ ಕೂತು ಉಂಡಿರಲಿಲ್ಲ.

ಆ ಎರಡು ಶಬ್ದ ಯಾವುವೆಂದು ಅವಳಿಗೆ ಗೊತ್ತಿತ್ತು. ಮಾಸ್ತರರು ನೌಕರಿಯ ಉದ್ದಕ್ಕೂ ಸವದತ್ತಿಯ ಹೈಸ್ಕೂಲಿನಲ್ಲಿ ಹಿಂದಿ ಕಲಿಸಿದವರು. ಬೆಳಗಿನ ಬಸ್ಸಿಗೆ ಡಬ್ಬಿ ಹಿಡಿದುಕೊಂಡು ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದರು. ಒಮ್ಮೆ ಅವರ ಜೊತೆ ಸವದತ್ತಿಗೆ ಹೋಗಿದ್ದಾಗ, ಬಸ್ ಸ್ಟ್ಯಾಂಡಿನಲ್ಲಿ ಯಾವನೋ ಹುಡುಗ ಬಸ್ಸಿನ ಮರೆಗೆ ನಿಂತು "ಹಿಂಡಿ ಮಾಸ್ತರ ಬಂದ್ರಲೇ!" ಎಂದು ಕೂಗಿ ಓಡಿದ್ದ. ಗಂಡನ ಕಿವಿ ಕೆಂಪಾದದ್ದನ್ನು ಅವಳು ನೋಡಿದ್ದಳು. ವಾಪಸು ಊರು ಮುಟ್ಟುವವರೆಗೆ ಅವರು ಮಾತಾಡಿರಲಿಲ್ಲ. ನೌಕರಿಯ ಶುರುವಿನಲ್ಲಿ ಯಾವನೋ ಹುಡುಗ ಬೋರ್ಡಿನ ಮೇಲೆ ಹಿಂದಿ ಎನ್ನುವಲ್ಲಿ ಹಿಂಡಿ ಎಂದು ಬರೆದಿದ್ದನಂತೆ. ಅವನಿಗೆ ಬಡಿದರಂತೆ. ಬಡಿದದ್ದೇ ನೆಪವಾಗಿ ಆ ಅಡ್ಡಹೆಸರು ಅಂಟಿತಂತೆ. ಇಷ್ಟನ್ನು ಒಂದೇ ಸಲ ಹೇಳಿ, ಮತ್ತೆಂದೂ ಆ ಮಾತು ಎತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಆ ನೋವು ಇನ್ನೂ ಹುಳಿಯಾಗಿತ್ತು. ಓಣಿಯ ಗಣಿತದ ಮಾಸ್ತರರ ಬಾಗಿಲಲ್ಲಿ ಟ್ಯೂಶನ್ ಹುಡುಗರ ಚಪ್ಪಲಿ ರಾಶಿ ಬಿದ್ದಿರುತ್ತಿದ್ದವು. ಇಂಗ್ಲಿಷ್ ಮಾಸ್ತರರ ಬಾಗಿಲಲ್ಲಿ ಸೈಕಲ್ ನಿಲ್ಲಿಸಲು ಜಾಗವಿರುತ್ತಿರಲಿಲ್ಲ. ಹಿಂದಿ ಮೂರನೆಯ ಭಾಷೆ, ಯಾರಿಗೆ ಬೇಕು? ತ್ರ್ಯಂಬಕ ಮಾಸ್ತರರ ಬಾಗಿಲಲ್ಲಿ ಅವರವೇ ಚಪ್ಪಲಿ. ಪಡಸಾಲೆಯಲ್ಲಿ ಕೂತು ಪೇಪರಿನ ಮೊದಲ ಅಕ್ಷರದಿಂದ ಕೊನೆಯ ಜಾಹೀರಾತಿನವರೆಗೆ ಓದಿ, ಸಂಜೆ ಅದನ್ನೇ ಇನ್ನೊಮ್ಮೆ ಓದುತ್ತಿದ್ದರು.

ಇದನ್ನೆಲ್ಲ ಮಿಲಿಂದನಿಗೆ ಹೇಳಿಬಿಟ್ಟರೆ ಜಗಳ ಅರ್ಧ ಮುಗಿಯುತ್ತಿತ್ತು. ಆದರೆ ಹೇಗೆ ಹೇಳುವುದು? ಊರ ಹುಡುಗರು ಇಟ್ಟ ಅಡ್ಡಹೆಸರು ಹೆತ್ತ ಮಗನಿಗೂ ಗೊತ್ತಾಯಿತೆಂದರೆ ಅವರು ಇನ್ನಷ್ಟು ಕುಗ್ಗಿಹೋಗುತ್ತಾರೆ ಎಂದು ರಾಧಾಬಾಯಿ ಬಾಯಿ ಮುಚ್ಚಿಕೊಂಡಳು.

ಮುಂದಿನ ದಿನಗಳು ಹೀಗೆ ನಡೆದವು. ಮಿಲಿಂದ ತಂದೆ ಸ್ನಾನಕ್ಕೆ ಹೋದಾಗ ಉಂಡು ಹೋಗುವನು. ಮಾಸ್ತರರು ಮಗ ಹೋದ ಮೇಲೆ ಉಣ್ಣುವರು, ಅದೂ ಗೋಡೆಗೆ ಮುಖ ಮಾಡಿ. ಭಕ್ರಿಗೆ ಮೊಸರು ಮತ್ತು ಉಪ್ಪು ಹಚ್ಚಿಕೊಂಡು ಔಷಧ ನುಂಗಿದ ಹಾಗೆ ನುಂಗುವರು. ಹಿಂಡಿಯ ಡಬ್ಬಿ ಕಂಡರೆ ಮುಖ ಆಚೆ ತಿರುಗಿಸುವರು, ಆದರೆ ಮೂಗು ಮಾತ್ರ ಈಚೆ ಇರುವುದು ರಾಧಾಬಾಯಿಯ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಎರಡು ಸಲ ಅಡುಗೆ ಎರಡು ಸಲ ಬಡಿಸುವುದು ಮಾಡಿ ಅವಳ ಸೊಂಟ ಬಿದ್ದುಹೋಯಿತು. ತನಗೆಂದು ಕೂತು ಉಣ್ಣುವ ಹೊತ್ತಿಗೆ ಹಸಿವೆಯೇ ಸತ್ತಿರುತ್ತಿತ್ತು.

ಗೌತಮಿ ಮುಖ ಸಪ್ಪೆ ಮಾಡಿಕೊಂಡು ಪಾತ್ರೆಗಳನ್ನು ಬೇರೆ ತೆಗೆದಿಡತೊಡಗಿದಳು.

"ಈ ಪಾತೇಲಿ ತೊಗೊಂಡು ಹೋಗ್ಲೇನು ಅತ್ಯಾ?"

"ಎಲ್ಲಾ ತೊಗೊಂಡು ಹೋಗು. ಒಳಕಲ್ಲು ಹೆಂಗ ಒಯ್ತಿ? ಅದು ನೆಲದಾಗ ಹೂತದ್ದು."

"ಅವರು ಮಿಕ್ಸರ್ ತರ್ತೀನಿ ಅಂದಾರ."

"ಮಿಕ್ಸರ್‌ನಾಗ ತಿರುವಿದ್ರ ಶೇಂಗಾ ಎಣ್ಣಿ ಬಿಟ್ಟು ಅಂಟಂಟಾಗ್ತದ. ಅದಕ್ಕ ಹಿಂಡಿ ಅನ್ನೂದಿಲ್ಲ."

"ನನಗೂ ಗೊತ್ತದ ಅತ್ಯಾ," ಎಂದ ಗೌತಮಿಯ ಕಣ್ಣು ತುಂಬಿದವು. "ನನಗೇನು ಹೋಗಬೇಕಂತ ಅದ ಅಂತ ತಿಳಕೊಂಡೀರೇನು?"

ಅತ್ತೆ ಸೊಸೆ ಇಬ್ಬರೂ ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ಕೆಲಸಕ್ಕೆ ಹತ್ತಿದರು.

ಇಷ್ಟೆಲ್ಲ ರಂಪಾಟವಾದರೂ ಹಿಂಡಿಯಾದರೂ ಮಾರಿಹೋಯಿತೇ ಎಂದರೆ ಅದೂ ಇಲ್ಲ. ಪಾಕೀಟುಗಳು ಕಟ್ಟಿಟ್ಟ ಹಾಗೇ ಇದ್ದವು. ಶೇಂಗಾದ್ದು ಇನ್ನು ಕೆಲವು ದಿನ ಹೋದರೆ ಕಮಟು ವಾಸನೆ ಬರುತ್ತದೆ ಎಂದು ರಾಧಾಬಾಯಿಗೆ ಅದೊಂದು ಚಿಂತೆ. ಕಡೆಗೂ ಒಂದು ಮಧ್ಯಾಹ್ನ, ಅವಳು ಅಕ್ಕಿ ಆರಿಸುತ್ತಿದ್ದಾಗ, ಸೊಂಟದ ಮೊಬೈಲು ರಿಂಗಾಯಿತು.

"ಹಲೋ, ಜೋಶಿ ಮಾಸ್ತರ ಮನಿ ಏನ್ರಿ? ನಾ ರಾಮದುರ್ಗದಿಂದ ಶೆಟ್ಟೆವ್ವ ಮಾತಾಡತೇನ್ರಿ. ನಿಮ್ಮ ಮೆಸೇಜ್ ಬಂದಿತ್ತು. ನಮ್ಮ ಹುಡುಗಗ ಬೇಕಾಗಿತ್ತರಿ."

ರಾಧಾಬಾಯಿಗೆ ಖುಷಿಯೋ ಖುಷಿ. "ಕೊಡೂಣಂತ ತಗೋರಿ. ಹುಡುಗಗೊಬ್ಬಗ ಸಾಕೋ, ಮನಿಮಂದಿಗೆಲ್ಲಾ ಬೇಕೋ?"

"ಹುಡುಗಗ ಅಷ್ಟರಿ. ಈ ವಯಸ್ಸಿನ್ಯಾಗ ನಮಗ್ಯಾಕ ಬೇಕರಿ ಅದು?"

"ಹಂಗ ಅನಬ್ಯಾಡ್ರೀ. ವಯಸ್ಸಾದ ಮ್ಯಾಲೆ ಬಾಯಿ ಸಪ್ಪಗಾಗಿರ್ತದ, ಒಂಚೂರು ಇದ್ರ ಛಲೋ. ಖಾರ ಹೆಂಗಿರಬೇಕು? ಕಡಿಮಿನೋ, ಜೋರೋ?"

"ಜೋರ ಇರ್ಲಿರಿ. ಸಡ್ಲ ಬಿಟ್ರ ಅಂವ ಯಾರ ಮಾತೂ ಕೇಳೂದಿಲ್ಲ."

"ಆತ್ರೀ. ನಾ ಕುಟ್ಟೇ ಕೊಡೂದು ನೋಡ್ರೀ, ಮಷಿನ್ ಹಚ್ಚೂದಿಲ್ಲ."

"ಕುಟ್ರಿ, ಛಂದಂಗ ಕುಟ್ರಿ! ನಮ್ಮದೇನೂ ತಕರಾರಿಲ್ಲ. ಒಂಬತ್ತನೇತ್ತಾ ಓದಾಕ ಹತ್ಯಾನ, ಇನ್ನೂ ಅಕ್ಷರ ಕೂಡಿಸಾಕ ಬರೂದಿಲ್ಲ. ಮಾಸ್ತರು ಮನ್ಯಾಗ ಇರೂದು ಯಾವಾಗ್ರಿ?"

ರಾಧಾಬಾಯಿಗೆ ಏನೋ ತಾಳ ತಪ್ಪಿದ ಹಾಗಾಯಿತು. "ಆಮ್ಯಾಲೆ ಹೇಳ್ತೀನ್ರೀ," ಎಂದು ಫೋನು ಇಟ್ಟು ಸೊಸೆಯನ್ನು ಕರೆದಳು. "ಗೌತಮಿ, ಹಿಂಡಿ ತಿನ್ನಲಿಕ್ಕೆ ಅಕ್ಷರ ಯಾಕ ಬೇಕವಾ?"

ಗೌತಮಿ ಎಲ್ಲವನ್ನೂ ಕೇಳಿ, ಮೊಬೈಲು ತೆಗೆದು ತಾವು ಕಳಿಸಿದ ಮೆಸೇಜನ್ನು ಮತ್ತೊಮ್ಮೆ ನೋಡಿದಳು. ನೋಡಿ, ಬಾಯಿಗೆ ಸೆರಗು ತುಂಬಿಕೊಂಡು ಅಡುಗೆಮನೆಯ ನೆಲದ ಮೇಲೇ ಕೂತುಬಿಟ್ಟಳು. ನಗು ತಡೆಯಲಾರದೆ ಅವಳ ಭುಜ ಕುಣಿಯುತ್ತಿದ್ದವು.

"ಅತ್ಯಾ, ಇಂಗ್ಲಿಷಿನ್ಯಾಗ ದಿ ಬರದ್ರೂ ಅದ ಅಕ್ಷರ, ಡಿ ಬರದ್ರೂ ಅದ ಅಕ್ಷರ. ಊರೆಲ್ಲಾ ಇದನ್ನ ಹಿಂದಿ ಅಂತ ಓದೇದ! ಜೋಶಿ ಮಾಸ್ತರ ಮನಿ ಹಿಂದಿ. ಇನ್ನ ಮ್ಯಾಲೆ ನಿಮಗೂ!"

ಸಂಜೆ ಮಿಲಿಂದನಿಗೆ ಹೇಳಿದಾಗ ಅವನಿಗೆ ನಗು ಬರಲಿಲ್ಲ. ತಲೆಗೆ ಕೈ ಹಚ್ಚಿ ಕೂತ. ಅಷ್ಟು ಮೆಸೇಜು ನೀರಲ್ಲಿ ಹೋಮವಾದವು ಎಂದ. ಸ್ವಲ್ಪ ಹೊತ್ತಿನ ಮೇಲೆ, "ಅಲ್ಲಾ, ಹಂಗಾದ್ರ ಅಪ್ಪಾ ಒಬ್ಬರ ಯಾಕ ಅದನ್ನ ಹಿಂಡಿ ಅಂತ ಓದಿದ್ರು?" ಎಂದು ಕೇಳಿದ.

ಇನ್ನು ಮುಚ್ಚಿಟ್ಟು ಉಪಯೋಗವಿಲ್ಲವೆಂದು ರಾಧಾಬಾಯಿ ಅಡ್ಡಹೆಸರಿನ ವಿಷಯ ಹೇಳಿದಳು. ಮಿಲಿಂದ ಕೇಳುತ್ತ ಕೇಳುತ್ತ ಮೆತ್ತಗಾದ.

"ಮೊದಲ ಯಾಕ ಹೇಳಲಿಲ್ಲ ಆಯಿ? ಗೊತ್ತಿದ್ರ ನಾ ಹಂಗ ಬರೀತಿದ್ನೇನು?"

"ಈಗ ಹೋಗಿ ಮಾತಾಡು."

"ಏನಂತ ಮಾತಾಡ್ಲಿ? ನಿಮಗ ಹಿಂಗಂತಿದ್ರಂತ, ನನಗ ಗೊತ್ತಿದ್ದಿಲ್ಲ ಅಂತಲೇ? ಅದು ಗಾಯದ ಮ್ಯಾಲೆ ಖಾರ ಹಾಕಿದಂಗ ಆಗ್ತದ. ಖೋಲಿದೂ ಮಾತಾಡೇನಿ. ರವಿವಾರ ಗಾಡಿ ಬರ್ತದ."

ತಪ್ಪು ಗೊತ್ತಾದ ಮೇಲೂ ಹಟ ಹಾಗೇ ನಿಂತಿತು. ಇಬ್ಬರಲ್ಲಿ ಯಾರಾದರೂ ಒಬ್ಬರು ಒಂದು ಮಾತಾಡಲಿ ಎಂದು ರಾಧಾಬಾಯಿ ದೇವರ ಮುಂದೆ ದಿನಾ ತುಪ್ಪದ ದೀಪ ಹಚ್ಚಿದಳು. ಫೋನುಗಳು ಮಾತ್ರ ಬರುತ್ತಲೇ ಇದ್ದವು. ಮುನವಳ್ಳಿಯಿಂದ ಒಬ್ಬರು, ಕಿತ್ತೂರಿನಿಂದ ಒಬ್ಬರು. ಗೌತಮಿ ಒಬ್ಬೊಬ್ಬರಿಗೂ, "ಮಾಸ್ತರು ಸದ್ಯಕ್ಕ ಹಿಂದಿ ಹೇಳಿಕೊಡೂದಿಲ್ರೀ," ಎಂದು ಹೇಳಿ ಹೇಳಿ ಸಾಕಾದಳು. ಇದೆಲ್ಲ ಮಾವನ ಕಿವಿಗೆ ಬೀಳದ ಹಾಗೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದಳು.

ರವಿವಾರ ಬಂತು. ನಡುಮನೆಯಲ್ಲಿ ಗಂಟುಗಳು ಸಿದ್ಧವಾಗಿದ್ದವು. ಮಿಲಿಂದ ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದ. ಮಾಸ್ತರರು ಪಡಸಾಲೆಯಲ್ಲಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಬಹಳ ಹೊತ್ತಿನಿಂದ ಪುಟ ತಿರುವಿದ ಸದ್ದು ಬಂದಿರಲಿಲ್ಲ. ಬಾಗಿಲಲ್ಲಿ ಗಾಡಿಯೊಂದು ಬಂದು ನಿಂತಿತು. ರಾಧಾಬಾಯಿ, ಬಂತು, ಗಾಡಿ ಬಂದೇಬಿಟ್ಟಿತು ಎಂದುಕೊಂಡು ಬಾಗಿಲ ಸಂದಿಗೆ ಓಡಿದಳು.

ಅದು ಸಾಮಾನಿನ ಗಾಡಿಯಲ್ಲ, ಮಂದಿ ಹೇರುವ ಟ್ರ್ಯಾಕ್ಸ್. ಅದರಿಂದ ನಾಲ್ವತ್ತು ದಾಟಿದ ಒಬ್ಬ ಡ್ರೈವರ, ಅವನ ಹಿಂದೆ ಓಢಣಿ ಸರಿಮಾಡಿಕೊಳ್ಳುತ್ತ ಹೈಸ್ಕೂಲು ಹುಡುಗಿಯೊಬ್ಬಳು ಇಳಿದರು. ಡ್ರೈವರ ಚಪ್ಪಲಿ ಹೊಸ್ತಿಲಾಚೆ ಬಿಟ್ಟು, ಬಗ್ಗಿ ಮಾಸ್ತರರ ಕಾಲು ಮುಟ್ಟಿದ.

"ಗುರುತು ಸಿಗಲಿಲ್ಲೇನ್ರಿ ಸರ್ರ? ನಾ ಹಜರತಸಾಬ, ಉಗರಗೋಳದಾಂವ. ನಿಮ್ಮ ಕೈಯಾಗ ಕಲತಾಂವ. ಇಕಿ ನನ್ನ ಮಗಳು ಹಿನಾಕೌಸರ. ನೀವು ಮತ್ತ ಹಿಂದಿ ಹೇಳಾಕ ಹತ್ತೀರಂತ ಗೊತ್ತಾತು. ನಡಿ ಅಂತ ಕರಕೊಂಡ ಬಂದೆ."

ಪೇಪರು ಕೆಳಗಿಳಿಯಿತು. "ಯಾರು ಹೇಳಿದ್ರು ನಿನಗ?"

"ಮೊಬೈಲ್ದಾಗ ಬಂದೈತಲ್ರಿ." ಹಜರತಸಾಬ ಮೊಬೈಲು ತೆಗೆದು ಒಂದೊಂದೇ ಅಕ್ಷರ ಕೂಡಿಸಿ ಓದಿದ. "ಜೋಶಿ ಮಾಸ್ತರ ಮನಿ ಹಿಂದಿ. ಇನ್ನ ಮ್ಯಾಲೆ ನಿಮಗೂ."

"ಏನಂದಿ? ಇನ್ನೊಮ್ಮೆ ಓದು."

"ಹಿಂದಿರಿ."

ಮಾಸ್ತರರು ಅವನ ಕೈಯಿಂದ ಮೊಬೈಲು ಇಸಿದುಕೊಂಡರು. ಕನ್ನಡಕ ಏರಿಸಿ, "ಎಚ್, ಐ, ಎನ್, ಡಿ, ಐ," ಎಂದು ಹುಡುಗರ ಹಾಗೆ ಬಿಡಿ ಬಿಡಿಯಾಗಿ ಓದಿದರು. ಆಮೇಲೆ ಮತ್ತೊಮ್ಮೆ ಮೊದಲಿನಿಂದ ಓದಿದರು. ನಡುಮನೆಯಲ್ಲಿ ಹಗ್ಗ ಬಿಗಿಯುವ ಸದ್ದೂ ನಿಂತಿತ್ತು.

"ಖರೇ ಹೇಳು ಹಜರತ," ಮಾಸ್ತರರು ಕಡೆಗೆ ಕೇಳಿದರು. ದನಿ ಗಡುಸಾಗಿತ್ತು. "ಇದನ್ನ ನೋಡಿದ ಕೂಡಲೆ ನಿನಗ ಹಿಂಡಿ ಅಂತ ಅನಸಲಿಲ್ಲೇನು?"

ಹಜರತಸಾಬ ನಾಲಿಗೆ ಕಚ್ಚಿಕೊಂಡ. "ಅಯ್ಯ ಸರ್ರ, ಅದು ನಿಮಗ ಗೊತ್ತೈತೇನ್ರಿ?"

"ಗೊತ್ತದ. ಸವದತ್ತಿಗೆಲ್ಲಾ ಗೊತ್ತಿದ್ದದ್ದು ನನಗ ಗೊತ್ತಿರೂದಿಲ್ಲೇನು? ಯಾವನಿಟ್ಟ ಹೆಸರದು?"

"ನಾವ ಇಟ್ಟಿದ್ವಿರಿ, ಉಗರಗೋಳದ ಹುಡುಗೂರು." ಅವನು ಮಗಳ ಕಡೆ ಒಮ್ಮೆ ನೋಡಿ, ಧೈರ್ಯ ಮಾಡಿ ಹೇಳತೊಡಗಿದ. "ನಾವು ದಿನಾ ನಡಕೊಂತ ಸಾಲಿಗೆ ಬರತಿದ್ವಿರಿ. ಬುತ್ತ್ಯಾಗ ಬರೇ ಒಣಾ ರೊಟ್ಟಿ, ಹಚ್ಚಿಕೊಳ್ಳಾಕ ಏನೂ ಇರತಿದ್ದಿಲ್ಲ. ಮಧ್ಯಾಹ್ನ ನೀವು ಬೇವಿನ ಗಿಡದ ತೆಳಗ ಡಬ್ಬಿ ಬಿಚ್ಚಿದ್ರಂದ್ರ ನಾವೆಲ್ಲಾ ರೊಟ್ಟಿ ಹಿಡಕೊಂಡ ಬಂದು ನಿಂದರತಿದ್ವಿ. ಒಬ್ಬೊಬ್ಬನ ರೊಟ್ಟಿ ಮ್ಯಾಲೂ ಒಂದೊಂದ ಚಿವುಟು ಹಿಂಡಿ ಹಾಕತಿದ್ರಿ. ಯಾರ ಮಗ, ಎಂಥಾಂವ ಅಂತ ಒಂದಿನಾನೂ ಕೇಳಲಿಲ್ಲ. ಅದಕ್ಕ ಹಿಂಡಿ ಮಾಸ್ತರಂತ ಇಟ್ವಿ."

"ಮತ್ತ ಬೋರ್ಡ್ ಮ್ಯಾಲೆ ಬರದದ್ದು?"

"ಅದೂ ನಾನರಿ. ಡಬ್ಬ್ಯಾಗ ಅವತ್ತ ಹಿಂಡಿ ಐತೋ ಇಲ್ಲೋ ಅನ್ನೂದು ನಿಮ್ಮ ಚೀಲದ ವಾಸನಿ ಮ್ಯಾಲೆ ನನಗ ಮೊದಲ ಗೊತ್ತಾಗತಿತ್ತು. ಎಲ್ಲಾರಿಗೂ ತಿಳೀಲಿ ಅಂತ ಬೋರ್ಡ್ ಮ್ಯಾಲೆ ದೊಡ್ಡದಾಗಿ ಹಿಂಡಿ ಅಂತ ಬರದೆ. ನೀವು ಬಂದವರ ಛಡಿ ತಗೊಂಡ್ರಿ."

"ಅಂದ್ರ ನನ್ನ ಚಾಷ್ಟಿ ಮಾಡಿದ್ದಲ್ಲ?"

"ಚಾಷ್ಟಿ ಎಲ್ಲಿದರಿ ಸರ್ರ? ಹಸಿವಿರಿ ಅದು." ಹಜರತಸಾಬ ನಕ್ಕು, ಬಲಗೈ ಚಾಚಿ ತೋರಿಸಿದ. "ಈ ಕೈ ಊದಿತ್ತು ನೋಡ್ರಿ. ಆದ್ರ ಅವತ್ತ ಮಧ್ಯಾಹ್ನ ಇದ ಕೈಯಾಗಿನ ರೊಟ್ಟಿಗೆ ಮತ್ತ ನೀವ ಹಿಂಡಿ ಹಾಕಿದ್ರಿ."

ಬಾಗಿಲ ಹಿಂದೆ ರಾಧಾಬಾಯಿಗೆ ಕಣ್ಣು ಮಂಜಾದವು. ನೌಕರಿಯ ದಿನಗಳಲ್ಲಿ ಗಂಡ, "ಇನ್ನಷ್ಟು ಹಾಕು, ಸಾಲೂದಿಲ್ಲ," ಎನ್ನುತ್ತಿದ್ದುದು, ಇವರೊಬ್ಬರು ಇಷ್ಟು ಹಿಂಡಿ ತಿಂದರೆ ಹೊಟ್ಟೆ ಕೆಡುವುದಿಲ್ಲವೇ ಎಂದು ತಾನು ಬೈಯುತ್ತಲೇ ಡಬ್ಬಿ ಒತ್ತಿ ತುಂಬುತ್ತಿದ್ದುದು ನೆನಪಾಯಿತು. ಒಂದು ದಿನವೂ ಆ ಮನುಷ್ಯ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಅವಳಿಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಮಾಸ್ತರರು ಕನ್ನಡಕ ತೆಗೆದು ಧೋತರದ ತುದಿಯಿಂದ ಬಹಳ ಹೊತ್ತು ಒರೆಸಿದರು. ಆಮೇಲೆ ಹುಡುಗಿಯ ಕಡೆ ತಿರುಗಿದರು. "ಬಾರವಾ. ಹಿಂದ್ಯಾಗ ಏನಾಗೇದ?"

"ನಪಾಸಾಗೇನ್ರಿ," ಎಂದಳು ಹಿನಾಕೌಸರ, ಕಾಲ್ಬೆರಳು ನೋಡಿಕೊಂಡು.

"ಮನ್ಯಾಗ ನಾವು ಮಾತಾಡೂದೆಲ್ಲಾ ಅದ ಭಾಷಾ ಐತ್ರಿ ಸರ್ರ!" ಹಜರತಸಾಬ ಹಣೆ ಬಡಿದುಕೊಂಡ. "ಕನ್ನಡಾ ಪಾಸ, ಇಂಗ್ಲೀಷ ಪಾಸ, ಹಿಂದಿ ನಪಾಸ! ಓಣ್ಯಾಗ ಮಂದಿ ನಗಾಕ ಹತ್ಯಾರ."

"ನಾ ಊಟಾ ಮಾಡಿದೆ ಅನ್ನೂದನ್ನ ಹೇಳು ನೋಡೂಣು."

"ಮೈ ಖಾನಾ ಖಾಯೀ."

ಮಾಸ್ತರರ ಬೆನ್ನು ತಾನಾಗಿ ನೆಟ್ಟಗಾಯಿತು. "ನಿಮ್ಮ ಮನ್ಯಾಗ ಇದು ತಪ್ಪಲ್ಲ. ಹಂಗ ಮಾತಾಡ್ರಿ, ಛಂದ ಕೇಳಸ್ತದ. ಆದ್ರ ಪರೀಕ್ಷಾದವರು ಒಂದು ನೇ ಕೇಳ್ತಾರ. ಮೈನೇ ಖಾನಾ ಖಾಯಾ. ಆ ಒಂದು ನೇ ನಿನ್ನ ನಪಾಸ ಮಾಡೇದ. ಕುಂಡ್ರು, ಬರಿ."

ಬರೆಸುತ್ತ ಬರೆಸುತ್ತ ದನಿ ಏರಿತು. ಪಡಸಾಲೆ ತುಂಬಿ ಅದು ಒಳಮನೆಯವರೆಗೆ ಬಂತು. ನಿವೃತ್ತಿಯಾದ ಮೇಲೆ ಆ ದನಿಯನ್ನು ಮನೆಯವರು ಕೇಳಿರಲಿಲ್ಲ. ನಡುವೆ ಒಮ್ಮೆ ತಲೆ ಒಳಗೆ ಹಾಕಿ, "ಕೇಳಸ್ತೇನ? ಭಕ್ರಿ ತಾ ಇವರಿಗೆ. ಹಿಂಡಿ ಹಚ್ಚಿ ತಾ," ಎಂದು ಕೂಗಿದರು. ಗೌತಮಿ ಅತ್ತೆಯ ಮುಖ ನೋಡಿದಳು. ರಾಧಾಬಾಯಿ ಆಗಲೇ ಡಬ್ಬಿಯ ಮುಚ್ಚಳ ತೆಗೆದಿದ್ದಳು.

ತಿಂದು ಬೆರಳು ನೆಕ್ಕಿದ ಹಜರತಸಾಬ ಹೊರಡುವಾಗ ಪಾಕೀಟುಗಳ ವಿಷಯ ತಿಳಿದು ಒಂದು ಚೀಲ ತುಂಬ ತೆಗೆದುಕೊಂಡ. "ಸ್ಟ್ಯಾಂಡಿನ್ಯಾಗ ಡ್ರೈವರಗೋಳು ಎಲ್ಲಾರೂ ಬುತ್ತಿ ಕಟಗೊಂಡ ಬರತಾರ್ರಿ. ಹಿಂಡಿ ಮಾಸ್ತರ ಮನಿ ಹಿಂಡಿ ಅಂದ್ರ ಸಾಕು, ಕಿತಗೊಂಡ ಹೋಗತಾರ," ಎಂದವನು ಮತ್ತೆ ನಾಲಿಗೆ ಕಚ್ಚಿಕೊಂಡ. ಮಾಸ್ತರರು ಹೊಟ್ಟೆ ಕುಣಿಸಿ ನಕ್ಕರು. ನಗುತ್ತ ನಗುತ್ತ ಕೆಮ್ಮು ಬಂದು, ಗೌತಮಿ ನೀರು ತಂದುಕೊಡಬೇಕಾಯಿತು.

ಸಾಮಾನಿನ ಗಾಡಿ ಮಧ್ಯಾಹ್ನದ ಮೇಲೆ ಬರುವುದೆಂದು ತೌಸೀಫ ಫೋನು ಮಾಡಿದ. ಮಿಲಿಂದ ನೋಡೂಣು ಎಂದಷ್ಟೇ ಹೇಳಿ ಫೋನು ಇಟ್ಟ. ಗಂಟುಗಳು ನಡುಮನೆಯಲ್ಲೇ ಇದ್ದವು. ರಾಧಾಬಾಯಿ ಊಟಕ್ಕೆ ಎರಡು ತಾಟು ಹಾಕಿ, ಹಾಕಬಾರದಿತ್ತೇನೋ ಎಂದು ಹೆದರಿ ನಿಂತಳು. ಮಾಸ್ತರರು ಬಂದು ಗೋಡೆಗೆ ಬೆನ್ನು ಮಾಡಿ ಕೂತರು. ಸ್ವಲ್ಪ ತಡೆದು ಮಿಲಿಂದನೂ ಬಂದು ಪಕ್ಕದ ತಾಟಿಗೆ ಕೂತ. ರಾಧಾಬಾಯಿ ಭಕ್ರಿ ಬಡಿಸಿದಳು, ಪಲ್ಯ ಬಡಿಸಿದಳು. ಮಾಸ್ತರರು ತಾಟಿನ ಅಂಚನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಅವಳು ಅಲ್ಲಿ ಹಿಂಡಿ ಹಾಕಿ, ಮೇಲೆ ಎಣ್ಣೆ ಬಿಟ್ಟಳು.

ಮಿಲಿಂದ ಒಂದು ತುತ್ತು ಕೈಯಲ್ಲೇ ಹಿಡಿದುಕೊಂಡಿದ್ದ. ತಂದೆಯ ಮುಖ ನೋಡದೆ, "ಅಪ್ಪಾ," ಅಂದ. "ಇನ್ನೊಂದು ಮೆಸೇಜ್ ಕಳಸಬೇಕು. ಮಂದಿಗೆ ಗೊಂದಲ ಆಗೇದ. ಹಿಂದಿ ಬ್ಯಾರೆ, ಹಿಂಡಿ ಬ್ಯಾರೆ ಅಂತ ಬಿಡಿಸಿ ಬರೀತೀನಿ. ಹಿಂದಿಗೆ ಈ ಮನಿ ಅಡ್ರೆಸ್ ಹಾಕ್ತೀನಿ. ಹಿಂಡಿಗೆ..." ಅವನ ದನಿ ಸಣ್ಣಗಾಯಿತು. "ಹಿಂಡಿಗೆ ಆ ಖೋಲಿ ಅಡ್ರೆಸ್ ಹಾಕಬೇಕೇನೋ."

ರಾಧಾಬಾಯಿಯ ಕೈಯ ಚಮಚೆ ಡಬ್ಬಿಯೊಳಗೇ ನಿಂತಿತು.

ಮಾಸ್ತರರು ಹಿಂಡಿ ಹಚ್ಚಿದ ಭಕ್ರಿಯ ತುತ್ತನ್ನು ಅವಸರವಿಲ್ಲದೆ ಅಗಿದು ನುಂಗಿದರು.

"ಬಿಡಿಸಬ್ಯಾಡ," ಅಂದರು. "ಎರಡೂ ಒಂದ ಮನ್ಯಾಗ ಸಿಗ್ತಾವ ಅಂತ ಬರಿ."

ಮಿಲಿಂದ ತಲೆ ತಗ್ಗಿಸಿ ತುತ್ತು ಬಾಯಿಗೆ ಇಟ್ಟುಕೊಂಡ. ಗೌತಮಿ ಸದ್ದಿಲ್ಲದೆ ನಡುಮನೆಗೆ ಹೋಗಿ ಹಾಸಿಗೆಯ ಹಗ್ಗ ಬಿಚ್ಚತೊಡಗಿದಳು. ರಾಧಾಬಾಯಿಗೆ ಎಷ್ಟೋ ದಿನಗಳ ಮೇಲೆ ಹಸಿವೆಯಾಯಿತು. ತನಗೂ ಸೊಸೆಗೂ ಎರಡು ತಾಟು ತಂದುಕೊಂಡು ಅವರ ಎದುರಿಗೇ ಕೂತಳು.